ಕಿರಿದಾಗುವ ಗೋಪುರ, ಬರಿದಾಗುವ ಕಚೇರಿಗಳು

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 2024ರ ವೇಳೆಗೆ ಕಚೇರಿ ಜಾಗದ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ಬಾಡಿಗೆದಾರರಿಲ್ಲದೆ ಖಾಲಿ ಬಿದ್ದಿತ್ತು. ಕೋವಿಡ್‌ಗೆ ಮೊದಲು ಈ ಪ್ರಮಾಣ ಒಂದಂಕಿಯಲ್ಲಿತ್ತು ಎಂಬುದನ್ನು ನೆನೆದರೆ ಕುಸಿತದ ಆಳ ಅರ್ಥವಾಗುತ್ತದೆ. ಮನೆಯಿಂದಲೇ ಕೆಲಸ ಮಾಡುವ ಪದ್ಧತಿಗೆ ಎಲ್ಲರಿಗಿಂತ ಮೊದಲು ಒಗ್ಗಿಕೊಂಡವರು ತಂತ್ರಜ್ಞಾನ ಕಂಪನಿಗಳ ನೌಕರರು, ಮತ್ತು ಈ ನಗರದ ಕಚೇರಿಗಳು ಹೆಚ್ಚಾಗಿ ನೆಚ್ಚಿಕೊಂಡಿದ್ದದ್ದೂ ಅವರನ್ನೇ. ಇಂಥ ಹೊತ್ತಿನಲ್ಲಿ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಮಾಂಟ್ಗೊಮರಿ ಬೀದಿಯ 600ನೇ ಸಂಖ್ಯೆಯ ಟ್ರಾನ್ಸ್‌ಅಮೆರಿಕ ಪಿರಮಿಡ್ ದುಬಾರಿ ನವೀಕರಣವನ್ನು ಮುಗಿಸಿ ಮತ್ತೆ ಬಾಗಿಲು ತೆರೆಯಿತು. ಅರ್ಧ ಶತಮಾನ ಹಳೆಯದಾದ, ಮೇಲೆ ಹೋದಂತೆ ಜಾಗವೇ ಇಲ್ಲದಂತಾಗುವ, ಬಾಡಿಗೆಯ ಲೆಕ್ಕದಲ್ಲಿ ಮೊದಲಿನಿಂದಲೂ ದಡ್ಡತನವೆನಿಸಿಕೊಂಡಿದ್ದ ಈ ಕಟ್ಟಡ ಸುತ್ತಮುತ್ತಲಿನ ಸರಾಸರಿಗಿಂತ ಬಹಳ ಹೆಚ್ಚಿನ ಬಾಡಿಗೆಗೆ ಜನರನ್ನು ಸೆಳೆಯುತ್ತಿರುವುದು ಏಕೆ ಎಂಬ ಪ್ರಶ್ನೆಗೆ, ಅದರ ಪ್ರಸಿದ್ಧಿಯೇ ಕಾರಣ ಎನ್ನುವುದು ಸುಲಭದ ಉತ್ತರ. ನನ್ನ ಮಟ್ಟಿಗೆ ಅದು ಅರ್ಧ ಉತ್ತರ ಮಾತ್ರ. ಉಳಿದರ್ಧ ಕಟ್ಟಡದ ಮುಖದಲ್ಲಿಲ್ಲ, ಅದರ ಅಂತಸ್ತುಗಳ ನಕ್ಷೆಯಲ್ಲಿದೆ. ಬೇರೆ ಗೋಪುರಗಳ ಪಾಡು ಏನಾಗಬಹುದೆಂಬುದಕ್ಕೂ ಅಲ್ಲಿಯೇ ಸುಳಿವು ಸಿಗುತ್ತದೆ.

ಈ ನಿವೇಶನಕ್ಕೆ ತನ್ನದೇ ಆದ ಹಿನ್ನೆಲೆಯಿದೆ. ಇಲ್ಲಿ 1853ರಲ್ಲಿ ಕಟ್ಟಿದ ಮಾಂಟ್ಗೊಮರಿ ಬ್ಲಾಕ್ ಎಂಬ ನಾಲ್ಕಂತಸ್ತಿನ ಕಟ್ಟಡವಿತ್ತು. ಸಮುದ್ರದಂಚಿನ ಮೆತ್ತನೆಯ ನೆಲದಲ್ಲಿ ರೆಡ್‌ವುಡ್ ದಿಮ್ಮಿಗಳನ್ನು ತೆಪ್ಪದಂತೆ ಹಾಸಿ, ಅದರ ಮೇಲೆ ಅದನ್ನು ನಿಲ್ಲಿಸಲಾಗಿತ್ತು. ನಗರವನ್ನು ನೆಲಸಮ ಮಾಡಿದ 1906ರ ಭೂಕಂಪವನ್ನೂ ಅದರ ಬೆನ್ನಿಗೇ ಬಂದ ಬೆಂಕಿಯನ್ನೂ ತಾಳಿಕೊಂಡ ಆ ಕಟ್ಟಡವನ್ನು 1959ರಲ್ಲಿ ಕೆಡವಿ ವಾಹನ ನಿಲುಗಡೆಯ ಜಾಗ ಮಾಡಿದರು. ಪ್ರಕೃತಿ ಉಳಿಸಿದ್ದನ್ನು ರಿಯಲ್ ಎಸ್ಟೇಟ್ ಉಳಿಸಲಿಲ್ಲ. ಆ ಬಯಲಿನಲ್ಲಿ ತನ್ನ ಕೇಂದ್ರ ಕಚೇರಿ ಕಟ್ಟಲು ಹೊರಟದ್ದು ಟ್ರಾನ್ಸ್‌ಅಮೆರಿಕ ಕಾರ್ಪೊರೇಷನ್, ಅಂದರೆ ಬ್ಯಾಂಕ್ ಆಫ್ ಅಮೆರಿಕದ ಸ್ಥಾಪಕ ಎ. ಪಿ. ಜಿಯಾನಿನಿ 1928ರಲ್ಲಿ ಹುಟ್ಟುಹಾಕಿದ್ದ, ಆಮೇಲೆ ಬ್ಯಾಂಕಿನಿಂದ ಬೇರ್ಪಟ್ಟು ವಿಮೆ ಮತ್ತು ಹಣಕಾಸು ವ್ಯವಹಾರಕ್ಕೆ ಹೊರಳಿದ್ದ ಸಂಸ್ಥೆ.

ವಾಸ್ತುಶಿಲ್ಪಿಯಾಗಿ ಆಯ್ಕೆಯಾದ ವಿಲಿಯಂ ಪೆರೇರಾ ಲಾಸ್ ಏಂಜಲೀಸ್‌ನವರು. ಹಾಲಿವುಡ್‌ನಲ್ಲಿ ದುಡಿದು ವಿಶೇಷ ಪರಿಣಾಮಗಳಿಗಾಗಿ ಆಸ್ಕರ್ ಪ್ರಶಸ್ತಿಯನ್ನೂ ಹಂಚಿಕೊಂಡಿದ್ದ ಅವರ ಬಗ್ಗೆ ಸ್ಯಾನ್ ಫ್ರಾನ್ಸಿಸ್ಕೊದ ವಿಮರ್ಶಕರಿಗೆ ಮೊದಲೇ ಅನುಮಾನವಿತ್ತು. ಅವರ ಆರಂಭದ ಪ್ರಸ್ತಾವ 1,150 ಅಡಿ ಎತ್ತರದ್ದು. ನಾಬ್ ಹಿಲ್ ಗುಡ್ಡದಿಂದ ಕೊಲ್ಲಿಯ ನೋಟಕ್ಕೆ ಅಡ್ಡಿಯಾಗುತ್ತದೆಂದು ಯೋಜನಾ ಅಧಿಕಾರಿಗಳು ಅದನ್ನು ಒಪ್ಪಲಿಲ್ಲ. ಕೊನೆಗೆ 1969ರಲ್ಲಿ ಶುರುವಾಗಿ 1972ರಲ್ಲಿ ಮುಗಿದ ಗೋಪುರದ ಎತ್ತರ 853 ಅಡಿ, ಎಂದರೆ 260 ಮೀಟರ್. ಇದರಲ್ಲಿ 48 ಅಂತಸ್ತುಗಳಿದ್ದು, ಅವುಗಳ ಮೇಲಿನ 212 ಅಡಿಯಷ್ಟು ಭಾಗ ಅಲ್ಯುಮಿನಿಯಂ ಹೊದಿಸಿದ ಟೊಳ್ಳು ಶಿಖರ. ಕೆಲಸ ನಡೆಯುತ್ತಿದ್ದಷ್ಟು ದಿನವೂ ಪ್ರತಿಭಟನೆಗಳು ನಡೆದವು. ಯೋಜನೆಗಾಗಿ ಮರ್ಚೆಂಟ್ ಬೀದಿಯ ಒಂದು ತುಂಡನ್ನು ನಗರಾಡಳಿತ ಕಂಪನಿಗೆ ಬಿಟ್ಟುಕೊಟ್ಟದ್ದು ಇನ್ನೊಂದು ಜಗಳಕ್ಕೆ ಕಾರಣವಾಯಿತು.

ಆ ಕಾಲದ ಆತಂಕವನ್ನು ಇಂದು ಹಗುರಾಗಿ ನೋಡುವುದು ಸರಿಯಲ್ಲ. ಮೂರು ವರ್ಷ ಮೊದಲು, 1969ರಲ್ಲಿ, ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಬ್ಯಾಂಕ್ ಆಫ್ ಅಮೆರಿಕದ 52 ಅಂತಸ್ತಿನ, 779 ಅಡಿ ಎತ್ತರದ ಗೋಪುರ ಕೆಂಗಂದು ಗ್ರಾನೈಟ್ ಹೊದ್ದುಕೊಂಡು ಎದ್ದು ನಿಂತಿತ್ತು. ಗುಡ್ಡಗಳ ಮೇಲಿನ ಬೆಳ್ಳನೆಯ ಮನೆಗಳ ನಡುವೆ ಆ ದೊಡ್ಡ ಗಾಢ ಆಕಾರವನ್ನು ಕಂಡವರಿಗೆ ತಮ್ಮ ಊರು ಮತ್ತೊಂದು ಮ್ಯಾನ್‌ಹಟನ್ ಆಗಿಬಿಡುತ್ತದೆಂಬ ಭಯ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಹೊಸ ಕಟ್ಟಡಗಳ ಎತ್ತರಕ್ಕೆ ಮಿತಿ ಹಾಕಬೇಕೆಂಬ ಪ್ರಸ್ತಾವ 1971ರಲ್ಲಿ ಮತದಾರರ ಮುಂದೆ ಬಂದು ಸೋತಿತು, ಆದರೆ ಚಳವಳಿ ಸೋಲಲಿಲ್ಲ. ಉದ್ಯಾನಗಳ ಮೇಲೆ ಹೊಸ ಕಟ್ಟಡಗಳ ನೆರಳು ಬೀಳದಂತೆ ತಡೆಯುವ ಕಾನೂನು 1984ರಲ್ಲಿ, ಪೇಟೆಯ ನಡುಭಾಗದ ಬೆಳವಣಿಗೆಯನ್ನು ಕಟ್ಟಿಹಾಕುವ ಡೌನ್‌ಟೌನ್ ಯೋಜನೆ 1985ರಲ್ಲಿ, ವರ್ಷಕ್ಕೆ ಇಂತಿಷ್ಟೇ ಹೊಸ ಕಚೇರಿ ಜಾಗ ಎಂದು ಮಿತಿ ಹೇರಿದ 'ಪ್ರಾಪೊಸಿಷನ್ ಎಂ' ಎಂಬ ಜನಮತದ ಪ್ರಸ್ತಾವ 1986ರಲ್ಲಿ ಬಂದವು. ಇದರಲ್ಲೊಂದು ತಮಾಷೆಯಿದೆ: ಗೋಪುರಗಳು ಮೇಲೆ ಹೋದಂತೆ ತೆಳ್ಳಗಾಗಬೇಕು, ತುದಿಗೆ ಒಂದು ರೂಪವಿರಬೇಕು ಎಂದು 1985ರ ಯೋಜನೆ ಬಯಸಿತು. ಯಾವ ಪಿರಮಿಡ್ಡನ್ನು ಜನ ಶಂಕುವಿನ ಟೋಪಿ ಎಂದು ಗೇಲಿ ಮಾಡಿದ್ದರೋ ಅದು ಹದಿಮೂರು ವರ್ಷ ಮೊದಲೇ ಈ ನಿಯಮದ ಆಶಯವನ್ನು ಅತಿರೇಕದವರೆಗೆ ಪಾಲಿಸಿಯಾಗಿತ್ತು.

ಅದರ ರೂಪಕ್ಕೆ ಪೆರೇರಾ ಮತ್ತು ಕಂಪನಿಯ ಮುಖ್ಯಸ್ಥ ಜಾನ್ ಬೆಕೆಟ್ ಕೊಟ್ಟ ಕಾರಣವೂ ಬೆಳಕೇ ಆಗಿತ್ತು. ಪೆಟ್ಟಿಗೆಯಾಕಾರದ ಕಟ್ಟಡ ತನ್ನ ಪೂರ್ತಿ ಅಗಲವನ್ನು ಆಕಾಶದವರೆಗೂ ಕೊಂಡೊಯ್ಯುತ್ತದೆ. ಓರೆಯಾಗಿ ಕಿರಿದಾಗುವ ಕಟ್ಟಡ ಬೀದಿಗೆ ಆಕಾಶದ ಹೆಚ್ಚಿನ ಪಾಲನ್ನು ಬಿಟ್ಟುಕೊಡುತ್ತದೆ. ಗೋಡೆಗಳಿಗೆ ಹೊದಿಸಿದ, ಮೊದಲೇ ಅಚ್ಚು ಹಾಕಿ ತಂದ ಕಾಂಕ್ರೀಟ್ ಫಲಕಗಳಲ್ಲಿ ಬೆಣಚುಕಲ್ಲಿನ ಪುಡಿ ಬೆರೆತಿರುವುದರಿಂದ ಮಂಜು ಕವಿದ ದಿನಗಳಲ್ಲೂ ಅದು ಬೆಳ್ಳಗೇ ಕಾಣುತ್ತದೆ. ಪಕ್ಕದಲ್ಲಿ ಅರ್ಧ ಎಕರೆಯಷ್ಟು ಜಾಗ ಬಿಟ್ಟು, ಸಾಂತಾ ಕ್ರೂಜ್ ಬೆಟ್ಟಗಳಿಂದ ತಂದ ರೆಡ್‌ವುಡ್ ಮರಗಳನ್ನು ನೆಟ್ಟು, ರೆಡ್‌ವುಡ್ ಪಾರ್ಕ್ ಎಂಬ ತೋಪು ಮಾಡಿದರು. ಈಗ ಆ ಮರಗಳೂ ಗಗನಚುಂಬಿಗಳೇ.

ಇನ್ನು ಒಳಗಿನ ಮಾತು. ಸಾಮಾನ್ಯ ಕಚೇರಿ ಗೋಪುರದಲ್ಲಿ ಲಿಫ್ಟ್, ಮೆಟ್ಟಿಲು, ಶೌಚಾಲಯ, ಕೊಳವೆ ಎಲ್ಲವೂ ನಡುಭಾಗದಲ್ಲಿ ಒಟ್ಟಾಗಿ ನಿಲ್ಲುತ್ತವೆ. ಅವುಗಳ ಸುತ್ತ ಕಿಟಕಿಯವರೆಗೆ ಬಾಡಿಗೆಗೆ ಕೊಡುವ ಜಾಗ ಹರಡಿಕೊಂಡಿರುತ್ತದೆ. ಪಿರಮಿಡ್ಡಿನಲ್ಲಿ ಈ ಏರ್ಪಾಟು ಒಂದು ಎತ್ತರದ ನಂತರ ನಡೆಯುವುದಿಲ್ಲ, ಏಕೆಂದರೆ ನಡುಭಾಗವೇ ಅಂತಸ್ತಿನ ಬಹುಪಾಲನ್ನು ನುಂಗಿಬಿಡುತ್ತದೆ. ಅದಕ್ಕಾಗಿಯೇ 29ನೇ ಅಂತಸ್ತಿನಿಂದ ಮೇಲೆ ಎರಡು ರೆಕ್ಕೆಗಳು ಹೊರಚಾಚುತ್ತವೆ. ಪೂರ್ವದ ರೆಕ್ಕೆಯಲ್ಲಿ ಲಿಫ್ಟ್‌ಗಳಿವೆ. ಪಶ್ಚಿಮದ್ದರಲ್ಲಿ ಮೆಟ್ಟಿಲು ಹಾಗೂ ಬೆಂಕಿ ಬಿದ್ದಾಗ ಹೊಗೆಯನ್ನು ಹೊರಗೆ ಸಾಗಿಸುವ ಗೂಡು ಇದೆ. ದೂರದಿಂದ ನೋಡಿದವರಿಗೆ ಅಲಂಕಾರವೆಂದು ತೋರುವ ಈ ರೆಕ್ಕೆಗಳು ನಿಜವಾಗಿ ಒಂದು ಇಕ್ಕಟ್ಟಿನ ಪರಿಹಾರ. ಹದಿನೆಂಟು ಲಿಫ್ಟ್‌ಗಳಲ್ಲಿ ತುದಿಯ ಅಂತಸ್ತನ್ನು ಮುಟ್ಟುವುದು ಎರಡೇ. ಕಿಟಕಿಗಳು ಮಾತ್ರ 3,678; ಗೋಡೆ ಓರೆಯಾಗಿರುವ ಕಟ್ಟಡದ ಹೊರಮೈ ತೊಳೆಯಲು ತೊಟ್ಟಿಲು ಇಳಿಬಿಡುವುದು ಕಷ್ಟವಾದ್ದರಿಂದ ಅವುಗಳಲ್ಲಿ ಹೆಚ್ಚಿನವನ್ನು ಒಳಗಿನಿಂದಲೇ ಪೂರ್ತಿ ತಿರುಗಿಸಿ ಒರೆಸುವಂತೆ ಮಾಡಲಾಗಿದೆ.

ಭೂಕಂಪದ ನಾಡಿನಲ್ಲಿ ಈ ಆಕಾರ ಎಂಜಿನಿಯರರಿಗೆ ಇಷ್ಟವಾಗುವಂಥದ್ದು. ಭಾರವೆಲ್ಲ ಕೆಳಗೆ ಕುಳಿತಿರುವುದರಿಂದ ಗುರುತ್ವಕೇಂದ್ರ ತಗ್ಗಿನಲ್ಲಿರುತ್ತದೆ. ಒಂಬತ್ತು ಅಡಿ ದಪ್ಪದ ಕಾಂಕ್ರೀಟ್ ತಳಪಾಯವನ್ನು ಎಲ್ಲೂ ನಿಲ್ಲಿಸದೆ ಮೂರು ದಿನ ಹಗಲೂ ರಾತ್ರಿ ಸುರಿದು ಒಂದೇ ಹಾಸಾಗಿ ಮಾಡಿದರು. ನೆಲದ ಮಟ್ಟದ ಮೇಲೆ ಅಂಕುಡೊಂಕಾಗಿ ಕಾಣುವ ಓರೆ ಕಂಬಗಳ ಟ್ರಸ್ ಜಾಲ ಮೇಲಿನ ಭಾರವನ್ನೂ ಅಡ್ಡದ ಎಳೆತವನ್ನೂ ಏಕಕಾಲಕ್ಕೆ ಹೊರುತ್ತದೆ. ಕಟ್ಟಡ ಓಲಾಡಿದಾಗ ಫಲಕಗಳು ಒಂದಕ್ಕೊಂದು ತಾಗಿ ಒಡೆಯದಂತೆ ನಡುವೆ ಸಂದು ಬಿಡಲಾಗಿದೆ. 1989ರ ಅಕ್ಟೋಬರ್ 17ರಂದು 6.9 ತೀವ್ರತೆಯ ಲೋಮಾ ಪ್ರಿಯೇಟಾ ಭೂಕಂಪವಾದಾಗ ತುದಿಯ ಅಂತಸ್ತು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಆಚೀಚೆ ಸುಮಾರು ಒಂದು ಅಡಿ ತೂಗಾಡಿತು, ಆದರೆ ಕಟ್ಟಡಕ್ಕೆ ಹಾನಿಯಾಗಲಿಲ್ಲ.

ಹಾಗಿದ್ದೂ ಬಾಡಿಗೆಯ ಲೆಕ್ಕ ನೋಡುವವರು ಇಂಥದ್ದೊಂದನ್ನು ಮತ್ತೆ ಕಟ್ಟಲಿಲ್ಲ. ಕಾರಣ ಸರಳ ಗಣಿತ. ಐದನೇ ಅಂತಸ್ತಿನ ಒಂದೊಂದು ಬದಿಯೂ 145 ಅಡಿ. ಅಲ್ಲಿ ಸಿಗುವ ವಿಸ್ತಾರ 21,025 ಚದರ ಅಡಿ. 48ನೇ ಅಂತಸ್ತಿನ ಬದಿ 45 ಅಡಿ. ವಿಸ್ತಾರ 2,025 ಚದರ ಅಡಿ, ಅಂದರೆ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ನೋಟ ಚೆನ್ನಾಗಿರುವ ಮೇಲಂತಸ್ತುಗಳಿಗೆ ಬಾಡಿಗೆ ಹೆಚ್ಚು ಎಂಬುದು ಎಲ್ಲ ಗಗನಚುಂಬಿಗಳ ಆರ್ಥಿಕ ಸೂತ್ರ. ಪಿರಮಿಡ್ ಆ ಸೂತ್ರಕ್ಕೆ ಬೆನ್ನು ಹಾಕಿ, ಅತಿ ಹೆಚ್ಚು ಬೆಲೆ ಬಾಳುವ ಎತ್ತರದಲ್ಲಿ ಅತಿ ಕಡಿಮೆ ಜಾಗ ಕೊಡುತ್ತದೆ. ಅದರ ಮೇಲೆ ಇನ್ನೂ 212 ಅಡಿ ಯಾರಿಗೂ ಬಾಡಿಗೆಗೆ ಹೋಗದ ಶಿಖರ. ಮೂಲ ಮಾಲೀಕರಿಗೆ ಈ ನಷ್ಟ ಸಹ್ಯವಾಗಿತ್ತು, ಏಕೆಂದರೆ ಕಟ್ಟಡವೇ ಅವರ ಲಾಂಛನ. ವಿಮಾ ಪತ್ರಗಳ ಮೇಲೂ ಜಾಹೀರಾತುಗಳಲ್ಲೂ ಅದೇ ತ್ರಿಕೋನ. ಕಂಪನಿಯನ್ನು 1999ರಲ್ಲಿ ಡಚ್ ವಿಮಾ ಸಂಸ್ಥೆ ಏಗಾನ್ ಕೊಂಡುಕೊಂಡು, ಅದರ ಕೇಂದ್ರ ಕಚೇರಿ ಬೇರೆ ಊರಿಗೆ ಹೋದ ಮೇಲೂ ಗೋಪುರದ ಹೆಸರು ಮತ್ತು ಲಾಂಛನ ಎರಡೂ ಉಳಿದವು.

ಇದಕ್ಕೆ ಎದುರಾಗಿ, 1960ರ ದಶಕದಿಂದ ಈಚೆಗೆ ಜಗತ್ತಿನೆಲ್ಲೆಡೆ ಕಟ್ಟಿದ ಕಚೇರಿ ಗೋಪುರಗಳು ವಿಶಾಲ ಅಂತಸ್ತುಗಳನ್ನೇ ಗುರಿಯಾಗಿಸಿಕೊಂಡವು. ಹವಾನಿಯಂತ್ರಣ ಮತ್ತು ಟ್ಯೂಬ್‌ಲೈಟ್ ಬಂದ ಮೇಲೆ ಕೆಲಸಗಾರ ಕಿಟಕಿಯ ಬಳಿಯೇ ಕೂರಬೇಕಾದ ಅಗತ್ಯ ಉಳಿಯಲಿಲ್ಲ. ನೂರಾರು ಗುಮಾಸ್ತರ ಮೇಜುಗಳನ್ನು ಸಾಲಾಗಿ ಜೋಡಿಸಬಹುದಾದ ಆಳವಾದ ಹಜಾರವೇ ದಕ್ಷತೆಯ ಗುರುತಾಯಿತು. ಈಗ ಖಾಲಿಯಾಗುತ್ತಿರುವುದು ಹೆಚ್ಚಾಗಿ ಇಂಥ ಹಜಾರಗಳು. ವಾರದಲ್ಲಿ ಎರಡು ಮೂರು ದಿನ ಮಾತ್ರ ಕಚೇರಿಗೆ ಬರುವ ನೌಕರನಿಗೆ ಕಿಟಕಿಯಿಂದ ಐವತ್ತು ಅಡಿ ದೂರದ, ಬಿಸಿಲು ಕಾಣದ ಮೇಜು ಯಾವ ಆಕರ್ಷಣೆಯನ್ನೂ ಉಳಿಸಿಕೊಂಡಿಲ್ಲ.

ಪಿರಮಿಡ್ಡಿನ ಲೆಕ್ಕ ತಲೆಕೆಳಗಾದದ್ದು ಇಲ್ಲಿಯೇ. ಐದನೇ ಅಂತಸ್ತಿನಿಂದ ತುದಿಯವರೆಗೆ ಅದು ಒಂದೇ ಸಮನಾಗಿ ಕಿರಿದಾಗುತ್ತದೆಂದು ಹಿಡಿದು ಗುಣಿಸಿದರೆ 30ನೇ ಅಂತಸ್ತಿನ ಬದಿ 87 ಅಡಿಯಷ್ಟು, ವಿಸ್ತಾರ ಏಳೂವರೆ ಸಾವಿರ ಚದರ ಅಡಿಯಷ್ಟು ಬರುತ್ತದೆ. ಅಲ್ಲಿ ಯಾರೂ ಕಿಟಕಿಯಿಂದ ನಲವತ್ತನಾಲ್ಕು ಅಡಿಗಿಂತ ದೂರ ಕೂರಲು ಸಾಧ್ಯವೇ ಇಲ್ಲ. ಮೂವತ್ತು ನಲವತ್ತು ಜನರ ಹೂಡಿಕೆ ಸಂಸ್ಥೆಯೋ ವಕೀಲರ ಕಚೇರಿಯೋ ಒಂದು ಇಡೀ ಅಂತಸ್ತನ್ನು ತನ್ನದಾಗಿಸಿಕೊಳ್ಳಬಹುದು. ಲಿಫ್ಟಿನ ಬಾಗಿಲು ತೆರೆದರೆ ಅದರದೇ ಅಂಗಳ. ಜನ ಕಡಿಮೆಯಿದ್ದು ಹಣ ಹೆಚ್ಚಿರುವ ಇಂಥ ಸಂಸ್ಥೆಗಳು ಮಹಾಮಾರಿಯ ನಂತರವೂ ಕಚೇರಿಯನ್ನು ಬಿಟ್ಟುಕೊಟ್ಟಿಲ್ಲ. ಮುಖಾಮುಖಿ ಮಾತು ಅವುಗಳ ವ್ಯವಹಾರದ ಭಾಗ, ಚದರ ಅಡಿಯ ಬಾಡಿಗೆ ಅವುಗಳ ಖರ್ಚಿನಲ್ಲಿ ಸಣ್ಣ ಬಾಬತ್ತು. ಐವತ್ತು ವರ್ಷ ದೋಷವೆಂದು ಎಣಿಸಿದ್ದ ಗುಣವೇ ಹೀಗೆ ಮಾರಾಟದ ಸರಕಾಯಿತು. ಪೆರೇರಾ ಇದನ್ನು ಮುಂಗಂಡಿದ್ದರು ಎಂದು ಹೊಗಳುವುದು ಅತಿಯಾದೀತು. ಅವರ ಉದ್ದೇಶ ಬೇರೆಯಿತ್ತು, ಕಾಲ ಬೇರೊಂದು ಉಪಯೋಗವನ್ನು ಕಂಡುಕೊಂಡಿತು.

ಗೋಪುರ ಮೊದಲ ಬಾರಿಗೆ ಕೈ ಬದಲಾದದ್ದು 2020ರ ಅಕ್ಟೋಬರ್‌ನಲ್ಲಿ, ಕಚೇರಿಗಳು ಬೀಗ ಹಾಕಿಕೊಂಡಿದ್ದ ತಿಂಗಳುಗಳ ನಡುವೆಯೇ. ನ್ಯೂಯಾರ್ಕ್‌ನ ಮೈಕೆಲ್ ಶ್ವೋ ಅವರ ಕಂಪನಿ ಜರ್ಮನಿಯ ಡಾಯ್ಚ ಫಿನಾನ್ಸ್ ಜೊತೆಗೂಡಿ, ಪಕ್ಕದ ಕಟ್ಟಡಗಳೂ ಸೇರಿದಂತೆ 65 ಕೋಟಿ ಡಾಲರಿಗೆ ಅದನ್ನು ಕೊಂಡಿತು. ಮರುರೂಪಿಸುವ ಹೊಣೆ ಬಂದದ್ದು ಬ್ರಿಟಿಷ್ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರ ಫಾಸ್ಟರ್ ಅಂಡ್ ಪಾರ್ಟ್‌ನರ್ಸ್ ಸಂಸ್ಥೆಗೆ. ಹೊರಮೈಯನ್ನು ಬಹುಮಟ್ಟಿಗೆ ಹಾಗೆಯೇ ಬಿಟ್ಟು, ದಶಕಗಳ ಅವಧಿಯಲ್ಲಿ ಕೂಡಿಕೊಂಡಿದ್ದ ತೇಪೆಗಳನ್ನು ತೆಗೆದು, ಪ್ರವೇಶ ಹಜಾರವನ್ನು ಬೀದಿಗೂ ತೋಪಿಗೂ ತೆರೆದದ್ದು ಅವರ ಕೆಲಸದ ಮೆಚ್ಚಬೇಕಾದ ಭಾಗ. ನೆಲದಂತಸ್ತಿನಲ್ಲಿ ನಡೆದಾಡುವವರಿಗೆ ಓರೆ ಕಂಬಗಳ ಬಲ ಈಗ ಕಣ್ಣಿಗೆ ಕಾಣುತ್ತದೆ.

ಇದೇ ಫಾಸ್ಟರ್ ಸಂಸ್ಥೆ ಅದೇ ವರ್ಷಗಳಲ್ಲಿ ನ್ಯೂಯಾರ್ಕ್‌ನಲ್ಲಿ ಮಾಡುತ್ತಿದ್ದ ಕೆಲಸವನ್ನು ಪಕ್ಕದಲ್ಲಿಟ್ಟು ನೋಡಬೇಕು. ಪಾರ್ಕ್ ಅವೆನ್ಯೂ 270ರಲ್ಲಿದ್ದ ಯೂನಿಯನ್ ಕಾರ್ಬೈಡ್ ಕಟ್ಟಡ 1960ರದ್ದು. ಎಸ್‌ಒಎಂ ಎಂಬ ವಾಸ್ತುಶಿಲ್ಪ ಸಂಸ್ಥೆಯ ಗಾರ್ಡನ್ ಬನ್‌ಶಾಫ್ಟ್ ಮತ್ತು ನಟಾಲಿ ಡಿ ಬ್ಲಾ ಅದನ್ನು ರೂಪಿಸಿದ್ದರು. ಮಹಿಳಾ ವಾಸ್ತುಶಿಲ್ಪಿಯೊಬ್ಬರ ಕೈ ಅಷ್ಟು ಸ್ಪಷ್ಟವಾಗಿದ್ದ ಆ ಕಾಲದ ಗಗನಚುಂಬಿಗಳು ಬಹಳವಿಲ್ಲ. 707 ಅಡಿಯ ಆ ಗೋಪುರವನ್ನು ಮಾಲೀಕ ಬ್ಯಾಂಕ್ ಜೆಪಿ ಮಾರ್ಗನ್ ಚೇಸ್ ಬಿಡಿಬಿಡಿಯಾಗಿ ಕಳಚಿತು; ಮಾಲೀಕರೇ ಬಯಸಿ ಕೆಡವಿದ ಕಟ್ಟಡಗಳಲ್ಲಿ ಅಲ್ಲಿಯವರೆಗೆ ಅಷ್ಟೆತ್ತರದ್ದು ಇನ್ನೊಂದಿರಲಿಲ್ಲ. ಅದೇ ನಿವೇಶನದಲ್ಲಿ ಫಾಸ್ಟರ್ ಸಂಸ್ಥೆ ರೂಪಿಸಿದ 1,388 ಅಡಿಯ ಹೊಸ ಕೇಂದ್ರ ಕಚೇರಿ 2025ರಲ್ಲಿ ತೆರೆಯಿತು. ಕೆಡವಿದ ಸಾಮಗ್ರಿಯ ಶೇ 97ರಷ್ಟನ್ನು ಮರುಬಳಕೆಗೆ ಒದಗಿಸಿದ್ದಾಗಿ ಬ್ಯಾಂಕ್ ಹೇಳಿಕೊಂಡಿದೆ. ಅದು ನಿಜವೇ ಇರಬಹುದು, ಆದರೆ ನಿಂತಿದ್ದ ಉಕ್ಕಿನ ಚೌಕಟ್ಟನ್ನು ಕಳಚಿ ಕರಗಿಸಿ ಎರಡು ಪಟ್ಟು ಎತ್ತರದ ಹೊಸ ಚೌಕಟ್ಟು ಎತ್ತುವುದಕ್ಕೂ, ಇದ್ದ ಚೌಕಟ್ಟನ್ನು ಇದ್ದಲ್ಲಿಯೇ ಉಳಿಸಿಕೊಳ್ಳುವುದಕ್ಕೂ ಇಂಗಾಲದ ಲೆಕ್ಕದಲ್ಲಿರುವ ಅಂತರವನ್ನು ಆ ಶೇಕಡಾವಾರು ಮುಚ್ಚಲಾರದು. ಒಂದೇ ಸಂಸ್ಥೆ ಒಂದು ಊರಿನಲ್ಲಿ ಉಳಿಸಿ, ಇನ್ನೊಂದು ಊರಿನಲ್ಲಿ ಉರುಳಿದ್ದರ ಜಾಗ ತುಂಬಿತು. ವ್ಯತ್ಯಾಸವನ್ನು ನಿರ್ಧರಿಸಿದ್ದು ವಾಸ್ತುಶಿಲ್ಪದ ತತ್ತ್ವವಲ್ಲ: ಮ್ಯಾನ್‌ಹಟನ್ನಿನ ಆ ಭಾಗದಲ್ಲಿ ಇನ್ನೂ ಎತ್ತರಕ್ಕೆ ಕಟ್ಟಲು ಹೊಸ ನಿಯಮಗಳು ಅವಕಾಶ ಕೊಟ್ಟವು; ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪಿರಮಿಡ್ಡನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ.

ಖಾಲಿ ಕಚೇರಿಗಳನ್ನು ಮನೆಗಳಾಗಿ ಮಾಡಿದರಾಯಿತು ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತಿದೆ. ಅದರ ಹಾದಿಯಲ್ಲೂ ಅಡ್ಡ ನಿಂತಿರುವುದು ಅಂತಸ್ತಿನ ನಕ್ಷೆಯೇ. ಮಲಗುವ ಕೋಣೆಗೆ ಕಿಟಕಿ ಬೇಕು. ಪ್ರತಿ ಮನೆಗೂ ಅಡುಗೆಮನೆ, ಬಚ್ಚಲುಮನೆಗಳ ಕೊಳವೆ ಬೇಕು. ತೆರೆಯಲು ಬಾರದ ಗಾಜಿನ ಹೊದಿಕೆಯ ಹಿಂದೆ ಆಳವಾದ ಹಜಾರವಿದ್ದರೆ ಅದರ ನಡುಭಾಗ ಕತ್ತಲ ಗೋದಾಮಾಗುತ್ತದೆ. ನ್ಯೂಯಾರ್ಕ್‌ನ ವಾಟರ್ ಸ್ಟ್ರೀಟ್ 25ರಲ್ಲಿ, 1960ರ ದಶಕದ ಕೊನೆಯ, ಸೀಳುಗಿಂಡಿಯಂಥ ಕಿಟಕಿಗಳ ಇಟ್ಟಿಗೆ ಗೋಪುರವೊಂದನ್ನು 1,300ಕ್ಕೂ ಹೆಚ್ಚು ಮನೆಗಳಾಗಿ ಬದಲಿಸಲು ಕಟ್ಟಡದ ಹೊಟ್ಟೆಯನ್ನೇ ಬಗೆದು ಎರಡು ಬೆಳಕಿನ ಅಂಗಳಗಳನ್ನು ತೆಗೆಯಬೇಕಾಯಿತು. ಹಾಗೆ ಕಳೆದುಕೊಂಡ ಜಾಗವನ್ನು ಮೇಲೆ ಹೊಸ ಅಂತಸ್ತುಗಳನ್ನು ಏರಿಸಿ ತುಂಬಿಕೊಂಡರು. ಭೂಕಂಪ ನಿಯಮಗಳು ಬಿಗಿಯಾಗಿರುವ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಂಥ ಶಸ್ತ್ರಚಿಕಿತ್ಸೆ ಇನ್ನೂ ದುಬಾರಿ. ಕಚೇರಿಯನ್ನು ಮನೆಯಾಗಿಸುವವರಿಗೆ ಆಸ್ತಿ ವರ್ಗಾವಣೆ ತೆರಿಗೆಯಲ್ಲಿ ವಿನಾಯಿತಿ ಕೊಡುವ 'ಪ್ರಾಪೊಸಿಷನ್ ಸಿ'ಗೆ ಅಲ್ಲಿನ ಮತದಾರರು 2024ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟರು. ತೆರಿಗೆ ಉಳಿತಾಯ ಗೋಡೆಯನ್ನು ಕಿಟಕಿಯ ಹತ್ತಿರಕ್ಕೆ ತರುವುದಿಲ್ಲವಾದ್ದರಿಂದ ಅದರ ಪರಿಣಾಮ ನಿಧಾನವೇ ಇರುತ್ತದೆ. ಕಿಟಕಿ ಹತ್ತಿರವಿರುವ ಪಿರಮಿಡ್ ಮನೆಗಳಿಗೆ ಒಗ್ಗೀತೇ ಎಂದರೆ ಅದೂ ಇಲ್ಲ: ಎಲ್ಲ ಗೋಡೆಗಳೂ ಓರೆ, ಒಂದು ಅಂತಸ್ತಿನ ನಕ್ಷೆ ಇನ್ನೊಂದಕ್ಕೆ ಹೊಂದುವುದಿಲ್ಲ.

ಪಿರಮಿಡ್ ತುಂಬಿದರೆ ಪೇಟೆ ಚೇತರಿಸಿಕೊಂಡಂತೆ ಎಂದು ನಗರದ ಆಶಾವಾದಿಗಳು ಬಗೆಯುವುದನ್ನು ನಾನು ಒಪ್ಪಲಾರೆ. ಒಳ್ಳೆಯ ಕಟ್ಟಡಕ್ಕೆ ಬಂದ ಬಾಡಿಗೆದಾರ ಬಹುತೇಕ ಸಲ ಪಕ್ಕದ ಸಾಧಾರಣ ಕಟ್ಟಡವನ್ನು ಬಿಟ್ಟು ಬಂದವನು. ಒಂದೆಡೆ ಹೊತ್ತಿದ ದೀಪ ಇನ್ನೊಂದೆಡೆ ಆರಿರುತ್ತದೆ. ಕ್ಯಾಲಿಫೋರ್ನಿಯಾ ಬೀದಿಯ 350ನೇ ಸಂಖ್ಯೆಯ 22 ಅಂತಸ್ತಿನ ಕಟ್ಟಡಕ್ಕೆ 2020ರಲ್ಲಿ 25 ಕೋಟಿ ಡಾಲರಿನಷ್ಟು ಬೆಲೆ ನಿರೀಕ್ಷಿಸಲಾಗಿತ್ತು. 2023ರಲ್ಲಿ ಅದು ಮಾರಾಟವಾದದ್ದು ಸುಮಾರು ನಾಲ್ಕನೇ ಒಂದು ಭಾಗಕ್ಕೆ. ನಗರದ ಆಸ್ತಿ ತೆರಿಗೆ ನಿಂತಿರುವುದು ಇಂಥ ನೂರಾರು ಸಾಧಾರಣ ಕಟ್ಟಡಗಳ ಬೆಲೆಯ ಮೇಲೆ.

ಸಾರ್ವಜನಿಕರಿಗೆ ಸಿಕ್ಕಿದ್ದೇನು ಎಂಬ ಪ್ರಶ್ನೆ ಇದಕ್ಕಿಂತ ಹಳೆಯದು. ಗೋಪುರ ತೆರೆದಾಗ 27ನೇ ಅಂತಸ್ತಿನಲ್ಲಿ ಯಾರು ಬೇಕಾದರೂ ಹತ್ತಿ ನೋಡಬಹುದಾದ ವೀಕ್ಷಣಾ ತಾಣವಿತ್ತು. ದಶಕಗಳ ಹಿಂದೆಯೇ ಅದನ್ನು ಮುಚ್ಚಿದರು. ನವೀಕರಣದಲ್ಲಿ ತೋಪು ಸುಧಾರಿಸಿದೆ, ಅಲ್ಲಿ ಶಿಲ್ಪ ಪ್ರದರ್ಶನಗಳು ನಡೆದಿವೆ, ನೆಲದಂತಸ್ತು ಮೊದಲಿಗಿಂತ ಸ್ನೇಹಮಯವಾಗಿದೆ. ಮೇಲಿನ ನೋಟ ಮಾತ್ರ ಬಾಡಿಗೆ ಕೊಡಬಲ್ಲವರ ಪಾಲಾಗಿದೆ. ಪ್ರತಿ 50 ಚದರ ಅಡಿ ಹೊಸ ಕಚೇರಿಗೆ ಒಂದು ಚದರ ಅಡಿ ಸಾರ್ವಜನಿಕ ಬಯಲು ಬಿಡಬೇಕೆಂದು ಹೇಳುವ 1985ರ ಯೋಜನೆ ಪಿರಮಿಡ್ಡಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಅದು ಆ ನಿಯಮಕ್ಕಿಂತ ಮೊದಲಿನದು. ಆ ನಿಯಮದಿಂದಾಗಿ ಸುತ್ತಲಿನ ಎಷ್ಟೋ ಸಪ್ಪೆ ಕಟ್ಟಡಗಳ ಮೇಲ್ಛಾವಣಿಗಳಲ್ಲಿ ಇಂದಿಗೂ ಯಾರು ಬೇಕಾದರೂ ಹೋಗಿ ಕೂರಬಹುದು. ಬೀದಿಯಿಂದ ನೋಡಲು ಪಿರಮಿಡ್ ಎಲ್ಲರದು. ಅಲ್ಲಿಂದ ಬೀದಿಯನ್ನು ನೋಡುವ ಅವಕಾಶ ವಾರಕ್ಕೊಂದು ದಿನವಾದರೂ ಮತ್ತೆ ಸಿಗುವಂತೆ ಹೊಸ ಮಾಲೀಕರನ್ನು ಒಪ್ಪಿಸಲು ನಗರಾಡಳಿತಕ್ಕೆ ನವೀಕರಣದ ಪರವಾನಗಿಯ ವೇಳೆ ಒಳ್ಳೆಯ ಅವಕಾಶವಿತ್ತು.

2025ರಲ್ಲಿ ಕೃತಕ ಬುದ್ಧಿಮತ್ತೆಯ ಕಂಪನಿಗಳು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮತ್ತೆ ಜಾಗ ಹುಡುಕತೊಡಗಿ, ಖಾಲಿ ಕಚೇರಿಗಳ ಪ್ರಮಾಣ ಸ್ವಲ್ಪ ಇಳಿಯತೊಡಗಿದೆ. ಬೆಳೆಯುವ ಆತುರದಲ್ಲಿರುವ ಈ ಕಂಪನಿಗಳಿಗೆ ಬೇಕಾದದ್ದು ಪಿರಮಿಡ್ಡಿನ ಏಳೆಂಟು ಸಾವಿರ ಚದರ ಅಡಿಯ ಅಂತಸ್ತುಗಳಲ್ಲ, ಒಂದೇ ಮಟ್ಟದಲ್ಲಿ ನೂರಾರು ಜನ ಕೂರಬಹುದಾದ ಅದೇ ಹಳೆಯ ವಿಶಾಲ ಹಜಾರಗಳು. ಆ ಬೇಡಿಕೆ ಎಷ್ಟು ಕಾಲ ನಿಲ್ಲುತ್ತದೆ ಎಂಬುದರ ಮೇಲೆ, ಬೆಲೆ ಕುಸಿದ ಗೋಪುರಗಳಲ್ಲಿ ಯಾವುದರ ಹೊಟ್ಟೆ ಬಗೆದು ಬೆಳಕಿನ ಅಂಗಳ ತೆಗೆಯಬೇಕು, ಯಾವುದನ್ನು ಇದ್ದಂತೆಯೇ ಬಾಡಿಗೆಗೆ ಬಿಡಬೇಕು ಎಂಬ ಮಾಲೀಕರ ಲೆಕ್ಕಾಚಾರ ನಿಂತಿದೆ.